ಕುದುರೆ ಸುಳ್ಳು ಹೇಳಲ್ಲ, ಸರಿ. ಮಾಲೀಕರು?

ನಮಸ್ಕಾರ. ಕುದುರೆಗಳ ಅಕ್ಯುಪಂಕ್ಚರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಚೆನ್ನಾಗಿದೆ. ಸೂಜಿ ಇಳಿದ ಮೇಲೆ ಕುದುರೆಯ ಕೆಳತುಟಿ ಜೋತುಬೀಳುವುದನ್ನು ಕಣ್ಣಾರೆ ನೋಡಿ ಬರೆದಿದ್ದೀರಿ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲಾಗುವುದಿಲ್ಲ.

ನನ್ನ ತಲೆ ಕೆಡಿಸಿದ್ದು ಎರಡನೇ ಪುಟದ ಈ ಮಾತು: “ಕುದುರೆಗೆ ನಂಬಿಕೆ, ಭ್ರಮೆ ಇರುವುದಿಲ್ಲ. ಹಾಗಾಗಿ ಅದಕ್ಕೆ ವಾಸಿಯಾದರೆ ಅದು ಸೂಜಿಯದೇ ಗುಣ.” ಓದಿದ ಕೂಡಲೇ ಹೌದಲ್ವಾ ಅನ್ನಿಸುತ್ತದೆ. ಸಿಟ್ಟು ಬಂದಿದ್ದೇ ಅದಕ್ಕೆ. ವಾಸಿಯಾಯಿತು ಅಂತ ಹೇಳಿದವರು ಯಾರು? ಕುದುರೆಯಂತೂ ಅಲ್ಲ. ದುಡ್ಡು ಕೊಟ್ಟ ಮಾಲೀಕರು, ಸೂಜಿ ಚುಚ್ಚಿದ ಡಾಕ್ಟರು. ನಂಬಿಕೆ ಅವರಿಗಿದೆಯಲ್ಲ! ಅದೂ ಅಲ್ಲದೆ, ಚಿಕಿತ್ಸೆಯಾದ ಮೇಲೆ ಕೆಲವು ದಿನ ಜೀನು ಹಾಕಲಿಲ್ಲ ಅಂತ ನೀವೇ ಬರೆದಿದ್ದೀರಿ. ಬೆನ್ನುನೋವಿನ ಕುದುರೆಗೆ ಜೀನು ಇಳಿಸಿದರೆ ಸೂಜಿಯಿಲ್ಲದೆಯೂ ಹಾಯೆನಿಸೀತು.

ಅದರ ಕೆಳಗೇ, “ವಿಜ್ಞಾನವೂ ಇದನ್ನು ಒಪ್ಪಿದೆ.” ಎಲ್ಲಿ, ಯಾವಾಗ? ಪ್ರಾಣಿಗಳ ಅಕ್ಯುಪಂಕ್ಚರ್ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2006ರಲ್ಲಿ ಬಂತು. ಬಳಸಿ ಅನ್ನಲೂ, ಬೇಡ ಅನ್ನಲೂ ಗಟ್ಟಿ ಪುರಾವೆ ಸಿಕ್ಕಿಲ್ಲ ಅಂದಿತು. ಅಷ್ಟನ್ನೇ ಬರೆಯಿರಿ, ಸಾಕು.

ಆಮೇಲೆ ಇದು: “ಐದು ಸಾವಿರ ವರ್ಷಗಳಿಂದ ಕುದುರೆಯ ಪಿತ್ತಕೋಶದ ಮೆರಿಡಿಯನ್‌ಗೆ ಸೂಜಿ ಹಾಕಲಾಗುತ್ತಿದೆ.” ಮೆರಿಡಿಯನ್ ಅಂದರೆ ಮೈಯಲ್ಲಿ ಶಕ್ತಿ ಹರಿಯುತ್ತದೆ ಅಂತ ಅಕ್ಯುಪಂಕ್ಚರ್‌ನವರು ಹೇಳುವ ಗೆರೆ; ಹೆಚ್ಚಿನವಕ್ಕೆ ಒಂದೊಂದು ಅಂಗದ ಹೆಸರು. ಆದರೆ ಕುದುರೆಗೆ ಪಿತ್ತಕೋಶವೇ ಇಲ್ಲ ಮಾರಾಯ್ರೇ! ಅದರ ಪಿತ್ತ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. 1608ರ ‘ಯುವಾನ್ ಹೆಂಗ್ ಲಿಯಾವೊ ಮಾ ಜಿ’ ಅನ್ನುವ ಚೀನೀ ಅಶ್ವವೈದ್ಯ ಗ್ರಂಥದಲ್ಲಿ ಚುಚ್ಚುವ, ರಕ್ತ ತೆಗೆಯುವ, ಬರೆ ಹಾಕುವ ಜಾಗಗಳಿವೆ, ನಿಜ. ಆದರೆ ಮನುಷ್ಯರ ಮೆರಿಡಿಯನ್ ನಕ್ಷೆಯನ್ನು ಕುದುರೆಯ ಮೈಮೇಲೆ ಎಳೆದದ್ದು ಬಹುಮಟ್ಟಿಗೆ 1970ರಿಂದ ಈಚೆಗೆ. ಇಲ್ಲದ ಅಂಗದ ಹೆಸರಿನ ಗೆರೆ ಕುದುರೆಯ ಪಕ್ಕೆಗೆ ಹೇಗೆ ಬಂತು? ಅದನ್ನೇ ಬರೆದಿದ್ದರೆ ಕಣ್ಣುಮುಚ್ಚಿ ಹಾಕುತ್ತಿದ್ದೆ. ನೀವು ಅದರ ಮುಂದೆಯೇ ಹಾದುಹೋಗಿದ್ದೀರಿ, ನೋಡಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಬಾಯಲ್ಲಿ ಸದಾ ಎಲೆಅಡಿಕೆ, ಹಾಗಾಗಿ ಮಾತು ಕಮ್ಮಿ. ‘ಹೇಳಲಾಗಿದೆ’, ‘ನಂಬಲಾಗಿದೆ’ ಅಂತ ಕಂಡರೆ ಕೆಂಪು ಪೆನ್ಸಿಲಿನಲ್ಲಿ ಸುತ್ತಿ ಪಕ್ಕದಲ್ಲಿ ‘ಯಾರು?’ ಅಂತ ಬರೆಯುತ್ತಿದ್ದರು. ನನ್ನ ಕಾಪಿ ವಾಪಸ್ ಬಂದಾಗ ಸುದ್ದಿಗಿಂತ ‘ಯಾರು?’ಗಳೇ ಜಾಸ್ತಿ. ಕಡೇ ಬಸ್ಸಿನಲ್ಲಿ ಅವರನ್ನು ಬೈದುಕೊಂಡೇ ಮನೆಗೆ ಹೋಗುತ್ತಿದ್ದೆ. ನಿಮ್ಮ ‘ಹಾಕಲಾಗುತ್ತಿದೆ’ಗೆ ನನ್ನ ಕೈ ತಾನಾಗಿಯೇ ಕೆಂಪು ಪೆನ್ ಹುಡುಕಿತು.

ಆ ಲಾಯಕ್ಕೆ ಇನ್ನೊಂದು ಸಲ ಹೋಗಿ. ಕುದುರೆ ನೋಡಿಕೊಳ್ಳುವ ಸೈಸ್‌ನನ್ನು ಮಾತಾಡಿಸಿ. ನಿಮ್ಮ ಲೇಖನದಲ್ಲಿ ಅವರು ಸುಮ್ನೆ ಹಗ್ಗ ಹಿಡಿದು ನಿಂತಿದ್ದಾರೆ. ದಿನಾ ಮೈ ಉಜ್ಜುವವರು ಅವರೇ ಅಲ್ವಾ? ಬೆನ್ನಿನ ಯಾವ ಜಾಗಕ್ಕೆ ಕೈಯಿಟ್ಟರೆ ಕುದುರೆ ಕುಗ್ಗುತ್ತದೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಹಾಕುತ್ತದಾ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಸೂಜಿಗೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಕೇಳಿ. ಏನೂ ಬದಲಾಗಿಲ್ಲ ಅಂದರೆ ಅದನ್ನೂ ಬರೆಯಿರಿ.

ಮುಂದಿನ ತಿಂಗಳ ಹದಿನೈದರೊಳಗೆ ಕಳಿಸಿದರೆ ಓದುತ್ತೇನೆ. ಸಾವಿರ ಪದ ದಾಟಬೇಡಿ.