‘ಯಾರಿಗೂ ಹೇಳಬೇಡಿ ಅಕ್ಕ’: ಸಂಶೋಧಕಿಯೊಬ್ಬರ ಪ್ರಕರಣ

ಮಕ್ಕಳು, ಹದಿಹರೆಯದವರ ಕುರಿತು ಪಿಎಚ್‌.ಡಿ. ಮಾಡುತ್ತಿರುವವರು ಸಲಹೆ ಕೇಳಿ ನನ್ನಲ್ಲಿಗೆ ಬಂದಾಗ ಮೊದಲು ಹೇಳುವುದು ಹೆಚ್ಚಾಗಿ ಒಂದೇ ಮಾತು: ಬರೆಯಲು ಕೂತರೆ ಕೈ ಓಡುತ್ತಿಲ್ಲ. ಮಾರ್ಗದರ್ಶಕರೊಡನೆ ಜಟಾಪಟಿ, ತಡವಾಗುವ ಶಿಷ್ಯವೇತನ, ಮನೆಯಲ್ಲಿ ಮದುವೆಯ ಒತ್ತಾಯ ಎಲ್ಲವೂ ನಿಜವೇ. ಆದರೆ ಕ್ಷೇತ್ರಕಾರ್ಯದಲ್ಲಿ ಕೇಳಿಸಿಕೊಂಡ ಯಾವುದೋ ಮಗುವಿನ ಮಾತು ಅವೆಲ್ಲದರ ಅಡಿಯಲ್ಲಿ ಉಳಿದುಕೊಂಡಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆ ಕಾರಣಕ್ಕೇ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಬರೆಯುತ್ತಿದ್ದೇನೆ.

ಈ ಸಂಶೋಧಕಿಯ ವಿಷಯ ಶಾಲೆ ಬಿಟ್ಟ ಹೆಣ್ಣುಮಕ್ಕಳು. ಮೂರನೇ ವರ್ಷ. ಸಂದರ್ಶನಗಳು ಮುಗಿದಿದ್ದವು, ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸ ಒಂದು ಕಡತದ ಬಳಿ ನಿಂತುಬಿಟ್ಟಿತ್ತು. ನಿದ್ದೆಯಿಲ್ಲ. ಪಿಎಚ್‌.ಡಿ. ಬಿಡುವ ಪತ್ರವೂ ಸಿದ್ಧವಾಗಿತ್ತು.

ಎರಡನೇ ಭೇಟಿಯಲ್ಲಿ ಆ ಕಡತದ ಬಗ್ಗೆಯೇ ಕೇಳಿದೆ. ‘ಅದರಲ್ಲಿರುವುದನ್ನು ಹೇಳಿದರೆ ನೀವು ಯಾರಿಗೂ ಹೇಳುವುದಿಲ್ಲ ತಾನೇ ಮೇಡಂ?’ ಎಂದರು.

‘ನೀವು ಹೇಳುವ ಬಹುಪಾಲು ವಿಷಯ ಈ ಕೋಣೆಯಲ್ಲೇ ಇರುತ್ತದೆ. ಮಗುವೊಂದಕ್ಕೆ ಲೈಂಗಿಕ ದೌರ್ಜನ್ಯ ಆಗುತ್ತಿದ್ದರೆ ಮಾತ್ರ ಆ ಮಾತು ಕೊಡಲಾರೆ. ಹೇಳುವ ಮೊದಲೇ ನಿಮಗೆ ಇದು ಗೊತ್ತಿರಲಿ,’ ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಾನೂ ಆ ಹುಡುಗಿಗೆ ಮೊದಲೇ ಹೀಗೆ ಹೇಳಬೇಕಿತ್ತು,’ ಎಂದು ಅತ್ತರು.

ಹದಿನಾಲ್ಕರ ಹುಡುಗಿ. ಹತ್ತಿರದ ಬಂಧುವಿನಿಂದ ಕಿರುಕುಳ. ‘ಯಾರಿಗೂ ಹೇಳಬೇಡಿ ಅಕ್ಕ’ ಎಂದಿದ್ದಳು. ಒಪ್ಪಿಗೆ ಪತ್ರದಲ್ಲೂ ‘ನಿಮ್ಮ ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು’ ಎಂದಿತ್ತು. ಹೊರಡುವಾಗ ಅವಳು ಕೇಳಿದ ಪ್ರಶ್ನೆ ಇವರ ನಿದ್ದೆ ಕೆಡಿಸಿತ್ತು: ‘ಮತ್ತೆ ಯಾವಾಗ ಬರುತ್ತೀರಿ?’

ಮಾರ್ಗದರ್ಶಕರು ‘ಮಾಹಿತಿ ಸಂಗ್ರಹಿಸುವುದಷ್ಟೇ ನಿಮ್ಮ ಕೆಲಸ’ ಎಂದಿದ್ದರಂತೆ. ಇದನ್ನು ನಾನು ಒಪ್ಪುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ, ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ, ಸಂಶೋಧಕರಿಗೆ ವಿನಾಯಿತಿಯಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಲಂ ರಕ್ಷಣೆ ಕೊಡುತ್ತದೆ. ಕಾನೂನೇ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಆ ಹುಡುಗಿಯ ಎದುರು ಕೂತು, ಅವಸರವಿಲ್ಲದೆ ಅವಳ ಮಾತು ಕೇಳಿದ ಮೊದಲ ದೊಡ್ಡವರು ಇವರೇ ಇದ್ದಿರಬಹುದು. ಅವಳು ಹೇಳಿದ್ದು ಅಧ್ಯಾಯಕ್ಕೆ ಆಧಾರವಾಗಲೆಂದು ಅಲ್ಲ.

ನನ್ನ ಸಲಹೆ ಇಷ್ಟೇ ಇತ್ತು. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇವತ್ತೇ ಪೊಲೀಸರಿಗೂ ಲಿಖಿತವಾಗಿ ತಿಳಿಸಿ. ಸಹಾಯವಾಣಿಯ ಸಿಬ್ಬಂದಿಯ ಜೊತೆ ನೀವೂ ಹುಡುಗಿಯ ಬಳಿ ಹೋಗಿ. ಕೊಟ್ಟ ಮಾತನ್ನು ಏಕೆ ಮುರಿಯುತ್ತಿದ್ದೀರಿ ಎಂಬುದನ್ನು ಅವಳು ನಿಮ್ಮ ಬಾಯಿಂದಲೇ ಕೇಳಲಿ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ ಪಡೆಯಬೇಕು ಎಂಬುದನ್ನೂ ತಿಳಿಸಿ. ರಾಜೀನಾಮೆ ಪತ್ರ ಬದಿಗಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಪ್ರಬಂಧ ಮುಗಿಸಲು ಆರು ವರ್ಷ ಅವಕಾಶವಿದೆ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೂ ಎರಡು. ಕೆಲವು ತಿಂಗಳು ಹೋದರೆ ಪ್ರಬಂಧ ಮುಳುಗುವುದಿಲ್ಲ.

ಕರೆಯನ್ನು ನನ್ನ ಕೋಣೆಯಿಂದಲೇ ಮಾಡಿದರು. ಹುಡುಗಿ ಮೊದಲು ಸಿಟ್ಟಾದಳಂತೆ, ಒಂದು ವಾರ ಮಾತಾಡಲಿಲ್ಲವಂತೆ. ಆ ನೋವನ್ನು ತಪ್ಪಿಸುವ ದಾರಿ ನನಗೂ ಗೊತ್ತಿರಲಿಲ್ಲ.

‘ಹೀಗೆ ಮೊದಲೇ ಎಚ್ಚರಿಸಿದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಸಂಶೋಧನೆ ಸೊರಗುತ್ತದೆ’ ಎಂದು ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ಕೆಲವು ಮಕ್ಕಳು ಬಾಯಿ ಬಿಡದಿರಬಹುದು, ನಿಜ. ಯಾರಿಗೆ ಏನು ಹೇಳಬೇಕೆಂದು ತೀರ್ಮಾನಿಸುವ ಹಕ್ಕು ಆ ಮಕ್ಕಳದು. ಅದನ್ನು ಕಸಿದು ಪಡೆದ ಮಾಹಿತಿ ನಮಗೆ ಬೇಡ. ಮಕ್ಕಳ ನಡುವೆ ಕ್ಷೇತ್ರಕಾರ್ಯಕ್ಕೆ ಹೊರಟವರು ಒಪ್ಪಿಗೆ ಪತ್ರದಲ್ಲಿ ಈ ಸಾಲನ್ನು ಸೇರಿಸಿಕೊಳ್ಳಿ, ಧ್ವನಿಮುದ್ರಣ ಶುರುಮಾಡುವ ಮೊದಲು ಗಟ್ಟಿಯಾಗಿ ಓದಿ ಹೇಳಿ: ‘ನಿನಗೆ ಯಾರಾದರೂ ನೋವು ಮಾಡುತ್ತಿದ್ದಾರೆ ಎಂದು ಗೊತ್ತಾದರೆ, ನಿನಗೆ ಸಹಾಯ ಮಾಡಬಲ್ಲವರಿಗೆ ನಾನು ಅದನ್ನು ಹೇಳಲೇಬೇಕಾಗುತ್ತದೆ. ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.’