200 ಲೀಟರ್ ಡ್ರಮ್ಮಿನ ಸ್ಮೋಕರ್‌ಗೆ ಗಾಳಿಕಿಂಡಿ ಎಷ್ಟು ದೊಡ್ಡದಿರಬೇಕು?

ವಿಜಯಪುರದಲ್ಲಿ ಹಳೆಯ ಕಬ್ಬಿಣದ ಡ್ರಮ್ಮಿನಿಂದ ಸ್ಮೋಕರ್ (ಇದ್ದಿಲಿನ ಶಾಖ, ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ) ಮಾಡಿಸುತ್ತಿದ್ದೇನೆ, ಕಿಂಡಿಗಳ ಅಳತೆ ಹೇಳಿ ಅಂತ ಕೇಳಿದ್ದೀರಿ.

ಕೆಳಗೆ, ಇದ್ದಿಲಿನ ಬುಟ್ಟಿಯ ತಳಮಟ್ಟಕ್ಕೆ, 20 ಮಿ.ಮೀ. ವ್ಯಾಸದ ನಾಲ್ಕು ತೂತು ಸಾಕು. ಮುಚ್ಚಳದಲ್ಲಿ 50 ಮಿ.ಮೀ.ನದು ಒಂದು. ಅಂದರೆ ಗಾಳಿ ಒಳಬರಲು ಸುಮಾರು 12.5 ಚದರ ಸೆಂ.ಮೀ., ಹೊರಹೋಗಲು ಸುಮಾರು 19.6. ಕಾದ ಗಾಳಿ ಹಿಗ್ಗುವುದರಿಂದ ಮೇಲಿನ ದಾರಿ ದೊಡ್ಡದೇ ಬೇಕು. ವೆಲ್ಡರ್‌ಗೆ ಅಳತೆ ಬರೆದೇ ಕೊಡಿ: ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ.

ಬಹಳ ಜನ ಉರಿ ತಗ್ಗಿಸಲು ಮೇಲಿನ ಕಿಂಡಿ ಮುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಗೆ ಒಳಗೇ ನಿಂತು ಮಾಂಸಕ್ಕೆ ಕಹಿ ಮಸಿ ಹತ್ತುತ್ತದೆ; ಒಳ್ಳೆಯ ಮಾಂಸ ಹಾಗೆ ಕೆಡುವುದನ್ನು ನೋಡಲಾಗುವುದಿಲ್ಲ. ಮೇಲಿನ ಕಿಂಡಿ ಪೂರ್ತಿ ತೆರೆದಿಟ್ಟು, ಶಾಖವನ್ನು ಕೆಳಗಿನ ಕಿಂಡಿಗಳಿಂದಲೇ ಹಿಡಿತಕ್ಕೆ ತನ್ನಿ. ಗುರಿ 110ರಿಂದ 120 ಡಿಗ್ರಿ ಸೆಲ್ಸಿಯಸ್. 100 ದಾಟುತ್ತಲೇ ಒಂದೊಂದಾಗಿ ಮುಚ್ಚುತ್ತ ಬನ್ನಿ, ಒಮ್ಮೆ ಏರಿದ ಶಾಖ ಬೇಗ ಇಳಿಯುವುದಿಲ್ಲ. ಪ್ರತಿ ಬದಲಾವಣೆಯ ಬಳಿಕ ಹತ್ತು-ಹದಿನೈದು ನಿಮಿಷ ತಡೆಯಿರಿ. ಜಾಲಿ ಕಟ್ಟಿಗೆ ಹಾಕುವುದಾದರೆ ಚೆನ್ನಾಗಿ ಒಣಗಿರಲಿ. ದಟ್ಟ ಬಿಳಿ ಹೊಗೆ ಬಂದರೆ ಗಾಳಿ ಸಾಲದು ಅಥವಾ ಕಟ್ಟಿಗೆ ಹಸಿ. ತೆಳು ನೀಲಿ ಹೊಗೆ ಬರುವವರೆಗೆ ಮಾಂಸ ಇಡಬೇಡಿ. ಮುಚ್ಚಳ ಪದೇ ಪದೇ ತೆಗೆದರೆ ಗಾಳಿ ನುಗ್ಗಿ ಇದ್ದಿಲು ಭಗ್ಗನೆ ಏಳುತ್ತದೆ.

ಆಷಾಢದಲ್ಲಿ ನಮ್ಮ ಬಯಲುಸೀಮೆಯ ಪಡುವಣ ಗಾಳಿ ಜೋರು. ಆಗ ಆ ಕಡೆಯ ಕಿಂಡಿ ಮುಚ್ಚಿ, ಮರೆಯ ಕಡೆಯದನ್ನು ಮಾತ್ರ ತೆರೆಯಿರಿ.