ರುಚಿ ಸಿಗುತ್ತಿಲ್ಲ, ಆದರೂ ಬೇಕು

ಹಿರಿಯರ ಸಿಹಿಚಪಲದ ದೂರು ಹೊತ್ತು ಬರುವ ಕುಟುಂಬದವರನ್ನು ನಾನು ಮೊದಲು ಕೇಳುವುದು ಮಾತ್ರೆಗಳ ಚೀಟಿಯನ್ನು. ಯಾಕೆಂದು ಈ ಪ್ರಕರಣ ಹೇಳುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ನಿವೃತ್ತ ಮೇಷ್ಟ್ರು. ಪಾರ್ಕಿನ್ಸನ್ ಕಾಯಿಲೆ. ಹೊಸ ಮಾತ್ರೆಯಿಂದ ಕೈನಡುಕ ಹತೋಟಿಗೆ ಬಂದಿತ್ತು. ಆದರೆ ನಡುರಾತ್ರಿ ಎದ್ದು ಬೆಲ್ಲ, ಮೊಮ್ಮಗುವಿನ ಬಿಸ್ಕತ್ತು, ಏನೂ ಸಿಗದಿದ್ದರೆ ಸಕ್ಕರೆಯನ್ನೇ ಮುಕ್ಕುತ್ತಿದ್ದರು. ಸೊಸೆ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ಈ ವಯಸ್ಸಲ್ಲೂ ನಾಲಿಗೆ ಹಿಡಿತದಲ್ಲಿಲ್ಲ ಅಂದ್ರೆ ಹೇಗೆ?" ಎಂದರು ಮಗ. ಮೇಷ್ಟ್ರು ತಲೆ ಎತ್ತಲಿಲ್ಲ.

ಮಗ, ಸೊಸೆಯನ್ನು ಹೊರಗೆ ಕೂರಿಸಿ ಕೇಳಿದೆ: "ಸಿಹಿ ತಿಂದಾಗ ಖುಷಿ ಆಗುತ್ತಾ ಸರ್?"

ಬಹಳ ಹೊತ್ತು ಸುಮ್ಮನಿದ್ದರು. "ಇಲ್ಲಮ್ಮ. ರುಚಿನೇ ಗೊತ್ತಾಗಲ್ಲ. ಮೊದಲು ಹಬ್ಬಕ್ಕೆ ಎರಡು ಹೋಳಿಗೆ ತಿಂದ್ರೆ ಸಾಕು ಅನ್ನಿಸೋದು. ಈಗ ತಿಂತಾ ಇದ್ರೂ ಬೇಕು ಅನ್ನೋದು ನಿಲ್ಲಲ್ಲ. ನಾನೇ ತಿಂತಿದೀನಾ, ಯಾರಾದ್ರೂ ತಿನ್ನಿಸ್ತಿದಾರಾ ಅನ್ನಿಸುತ್ತೆ."

ಬರೀ ಚಪಲವಾಗಿದ್ದರೆ ರುಚಿಯಾದರೂ ಸಿಗಬೇಕಿತ್ತು. ಮಿದುಳಿನಲ್ಲಿ ಸವಿಯುವುದು ಬೇರೆ, ಬೇಕೆನ್ನಿಸುವುದು ಬೇರೆ ಎಂದು ಮಿಷಿಗನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಕೆಂಟ್ ಬೆರಿಜ್ ದಶಕಗಳಿಂದ ಪ್ರತಿಪಾದಿಸುತ್ತಿದ್ದಾರೆ. ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ್ದು ಈ ಎರಡರಲ್ಲಿ ಮುಖ್ಯವಾಗಿ ಎರಡನೆಯ ಕೆಲಸ. ಪಾರ್ಕಿನ್ಸನ್‌ನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಕುಸಿಯುತ್ತದೆ. ಮೇಷ್ಟ್ರ ಚೀಟಿಯಲ್ಲಿದ್ದ ಪ್ರಮಿಪೆಕ್ಸೋಲ್‌ನಂಥ ಮಾತ್ರೆ ಅದರ ಬದಲಿಗೆ ದುಡಿಯುತ್ತದೆ. ಕೆಲವರಲ್ಲಿ ಬಯಕೆಯ ಜಾಲವನ್ನೂ ಕೆಣಕುತ್ತದೆ. ಅಮೆರಿಕ, ಕೆನಡಾಗಳ 3,090 ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಗುಂಪಿನ ಮಾತ್ರೆ ನುಂಗುತ್ತಿದ್ದವರ ಪೈಕಿ ಸುಮಾರು ಶೇ 17 ಮಂದಿಗೆ ಜೂಜು, ಖರೀದಿ, ಕಾಮ, ತಿನ್ನುವುದು, ಇವುಗಳಲ್ಲಿ ಯಾವುದಾದರೊಂದರ ಮೇಲೆ ಹಿಡಿತ ತಪ್ಪಿತ್ತು. ಉಳಿದವರಲ್ಲಿ ಶೇ 7.

"ಎಲ್ಲಾ ಮಾತ್ರೆ ತಲೆಗೆ ಕಟ್ಟಿದ್ರೆ ಅಪ್ಪನ ಹೊಣೆ ಏನೂ ಇಲ್ವಾ ಮೇಡಂ?" ಎಂದು ಮಗ ಕೇಳಿದರು. ಇದೆ. ಆಗುತ್ತಿರುವುದನ್ನು ವೈದ್ಯರೆದುರು ಬಾಯಿಬಿಟ್ಟು ಹೇಳುವುದು ಅವರ ಹೊಣೆ. ಆದರೆ ದಿನಾ ಹಂಗಿಸುವ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಬೀಗ ತೆಗೆಯಿರಿ, ಸಿಹಿ ತರುವುದನ್ನೇ ಕಡಿಮೆ ಮಾಡಿ ಎಂದೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಏಕಾಏಕಿ ಬಿಟ್ಟರೆ ಮೈಬಿಗಿತ, ತೀವ್ರ ಆತಂಕ, ಖಿನ್ನತೆ ಕಾಡಬಹುದು. ನರರೋಗ ತಜ್ಞರಿಗೆ ಎಲ್ಲವನ್ನೂ ಹೇಳಿ, ರಕ್ತದ ಸಕ್ಕರೆಯನ್ನೂ ನೋಡಿಸಿ ಎಂದು ಕಳಿಸಿದೆ.

ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸಿದರು. ರಾತ್ರಿ ತಿನ್ನುವುದು ತಗ್ಗಿದೆ. ಬೆಳಗಿನ ಬಿಗಿತ ತುಸು ಹೆಚ್ಚಿದ್ದರಿಂದ ಈಗ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲಿವೊಡೋಪಾ ಮಾತ್ರೆಯನ್ನು ಹೊಂದಿಸುತ್ತಿದ್ದಾರೆ.